ಬೆಕ್ಕಿನ ಹೆಸರಿನ ಕೊನೆಯ ಸ್ವರ

ಬೆಂಗಳೂರಿನ ಪ್ರಾಣಿಗಳ ಕ್ಲಿನಿಕ್ಕಿನಲ್ಲಿ ಶನಿವಾರ ಸಂಜೆ ಅರ್ಧ ಗಂಟೆ ಕೂತು ನೋಡಿ. ಒಳಗಿನಿಂದ ‘ಸಿಂಬಾ’ ಎಂದು ಕರೆದರೆ ಹೊರಗೆ ಇಬ್ಬರು ಮೂವರು ಬುಟ್ಟಿ ಹಿಡಿದು ಏಳುತ್ತಾರೆ. ‘ಲಿಯೋ’, ‘ಮಿಲೋ’ಗಳ ಪಾಡೂ ಅದೇ. ಆ ಹೆಸರುಗಳಲ್ಲಿ ತಪ್ಪೇನಿಲ್ಲ. ಆದರೆ ಬೆಳಗಿನಿಂದ ರಾತ್ರಿಯವರೆಗೆ ಕನ್ನಡದಲ್ಲೇ ಬೈದು, ಮುದ್ದಾಡಿ, ಲೆಕ್ಕ ಹಾಕುವ ಮನೆಯವರು ಬೆಕ್ಕಿಗೆ ಹೆಸರಿಡುವಾಗ ಮಾತ್ರ ಮೊಬೈಲಿನಲ್ಲಿ ಪಟ್ಟಿ ಹುಡುಕುವುದನ್ನು ನೋಡಿದರೆ ಬೇಸರವಾಗುತ್ತದೆ. ಬೆಕ್ಕನ್ನು ಕರೆಯುವ ಕೆಲಸಕ್ಕೆ ಕನ್ನಡ ಹೇಳಿ ಮಾಡಿಸಿದ ಹಾಗಿದೆ. ಪದಗಳ ಅರ್ಥಕ್ಕಿಂತ ಹೆಚ್ಚಾಗಿ, ಪದ ಮುಗಿಯುವ ರೀತಿ ಅದಕ್ಕೆ ಕಾರಣ.

ನಾವು ಯಾರನ್ನಾದರೂ ಕೂಗುವಾಗ ಹೆಸರಿನ ಕೊನೆಯ ಸ್ವರವನ್ನು ಎಳೆಯುತ್ತೇವೆ. ರಾಮ ‘ರಾಮಾ’ ಆಗುತ್ತಾನೆ, ಗೌರಿ ‘ಗೌರೀ’ ಆಗುತ್ತಾಳೆ, ಪುಟ್ಟು ‘ಪುಟ್ಟೂ’. ಶಾಲೆಯ ವ್ಯಾಕರಣದಲ್ಲಿ ಇದನ್ನು ಸಂಬೋಧನೆ ಎಂದು ಓದಿದ್ದೇವೆ. ಮಹಡಿಯಿಂದ ಅಂಗಳಕ್ಕೆ, ಅಡುಗೆಮನೆಯಿಂದ ಬಾಲ್ಕನಿಗೆ ತಲುಪುವುದು ಹೆಸರಿನ ಈ ಬಾಲವೇ. ವ್ಯಂಜನಗಳು ದಾರಿಯಲ್ಲೇ ಸವೆದು ಹೋಗುತ್ತವೆ, ಸ್ವರ ಉಳಿಯುತ್ತದೆ. ‘ಮ್ಯಾಕ್ಸ್’ ಎಂದು ಹೆಸರಿಟ್ಟ ಮನೆಯಲ್ಲಿ ಒಂದು ವಾರ ಕಿವಿಗೊಟ್ಟು ಕೇಳಿ. ಎಲ್ಲರ ಬಾಯಲ್ಲೂ ಅದು ‘ಮ್ಯಾಕ್ಸೂ’ ಆಗಿರುತ್ತದೆ. ಬಸ್ಸನ್ನು ಬಸ್ಸು ಮಾಡಿದ ಬಾಯಿ ಬೆಕ್ಕನ್ನು ಮಾತ್ರ ಹೇಗೆ ಬಿಟ್ಟೀತು? ಹಾಗಾಗಿ ಹೆಸರನ್ನು ಕಾಗದದ ಮೇಲೆ ನೋಡಿ ಒಪ್ಪಬೇಡಿ. ಒಂದು ಸಲ ಎಳೆದು ಕೂಗಿ ನೋಡಿ. ಎಳೆದಾಗ ಬಾಯಿಗೆ ಹಿತವಾಗಿದ್ದರೆ ಆ ಹೆಸರು ಬಾಳುತ್ತದೆ.

ಬೆಕ್ಕಿನ ಕಿವಿಯ ಕಡೆಯಿಂದಲೂ ಇದನ್ನು ನೋಡಬೇಕು. ಮನುಷ್ಯರಿಗೆ ಸುಮಾರು 20,000 ಹರ್ಟ್ಸ್‌ವರೆಗಿನ ಸದ್ದು ಕೇಳಿಸಿದರೆ ಬೆಕ್ಕಿಗೆ ಸುಮಾರು 85,000 ಹರ್ಟ್ಸ್‌ವರೆಗೆ ಕೇಳಿಸುತ್ತದೆ. ಇಲಿಮರಿಯ ಕೀಚಲು ದನಿಯನ್ನು ಹಿಡಿಯುವ ಕಿವಿ ಅದು. ‘ಸ’, ‘ಶ’, ‘ಚ’ ಅಕ್ಷರಗಳ ಸದ್ದಿನಲ್ಲಿ ಮೇಲಿನ ಕಂಪನಗಳು ಹೆಚ್ಚು. ‘ಪುಸ್ ಪುಸ್’ ಎಂದರೆ ಗೊತ್ತಿಲ್ಲದ ಬೀದಿಯ ಬೆಕ್ಕೂ ಕಿವಿ ತಿರುಗಿಸುವುದಕ್ಕೆ ಇದೂ ಒಂದು ಕಾರಣ. ಹಾಗೆಂದು ಹೆಸರಿನಲ್ಲಿ ‘ಸ’ ಇರಲೇಬೇಕೆಂಬ ನಿಯಮವಿಲ್ಲ, ‘ಇ’ಕಾರದಲ್ಲೇ ಮುಗಿಯಬೇಕು ಎಂಬ ಮಾತನ್ನೂ ತಲೆಗೆ ಹಚ್ಚಿಕೊಳ್ಳಬೇಡಿ. ಎರಡು ಅಕ್ಷರ, ಹೆಚ್ಚೆಂದರೆ ಮೂರು. ನಡುವೆ ಒಂದು ಗಟ್ಟಿ ಒತ್ತು. ಕೊನೆಗೆ ಎಳೆಯಬಲ್ಲ ಸ್ವರ. ಇಷ್ಟಿದ್ದರೆ ಸಾಕು. ಉಳಿದದ್ದನ್ನು ಹೆಸರಿನ ಹಿಂದೆ ಬರುವ ತಿಂಡಿ ನೋಡಿಕೊಳ್ಳುತ್ತದೆ.

ಈ ಅಚ್ಚಿನಲ್ಲಿ ಹೆಸರು ಎರಕ ಹೊಯ್ಯುವ ಪದ್ಧತಿ ನಮ್ಮ ಮನೆಗಳಲ್ಲಿ ಮೊದಲಿನಿಂದಲೂ ಇದೆ. ಲಕ್ಷ್ಮಿ ಲಚ್ಚಿಯಾದಳು, ವೆಂಕಟೇಶ ವೆಂಕಿಯಾದ, ಸುಬ್ರಹ್ಮಣ್ಯ ಸುಬ್ಬುವಾದ, ನಾರಾಯಣ ನಾಣಿಯಾದ. ಕೃಷ್ಣ ಕಿಟ್ಟಿಯಾದ. ಬೆಕ್ಕಿಗೆ ‘ಕಿಟ್ಟಿ’ ಎಂದಿಟ್ಟು ಇಂಗ್ಲಿಷ್ ಹೆಸರಿಟ್ಟೆವೆಂದು ಅಂದುಕೊಂಡವರು ಗೊತ್ತಿಲ್ಲದೆ ಕೃಷ್ಣನ ಹೆಸರನ್ನೇ ಕರೆಯುತ್ತಿದ್ದಾರೆ. ಉದ್ದದ ಪದ ತೆಗೆದುಕೊಳ್ಳಿ, ಮೊದಲ ತುಂಡು ಇಟ್ಟುಕೊಳ್ಳಿ, ನಡುವಿನ ವ್ಯಂಜನಕ್ಕೆ ಒತ್ತು ಕೊಡಿ, ಸ್ವರ ಅಂಟಿಸಿ. ಚಕ್ಕುಲಿ ‘ಚಕ್ಕು’ ಆಗುತ್ತದೆ, ಸಂಪಿಗೆ ‘ಸಂಪಿ’, ಮೆಂತ್ಯ ‘ಮೆಂತಿ’, ಜೀರಿಗೆ ‘ಜೀರಿ’. ಅಂಟಿಸುವ ಸ್ವರದಲ್ಲೂ ಒಂದು ಸೂಕ್ಷ್ಮವಿದೆ. ಪುಟ್ಟ ಎಂದರೆ ಗಂಡು, ಪುಟ್ಟಿ ಎಂದರೆ ಹೆಣ್ಣು, ಪುಟ್ಟು ಎಂದರೆ ಎರಡಕ್ಕೂ ಸಲ್ಲುತ್ತದೆ. ಮರಿ ಗಂಡೋ ಹೆಣ್ಣೋ ಖಾತ್ರಿಯಾಗುವವರೆಗೆ ‘ಉ’ಕಾರಾಂತ ಹೆಸರೇ ಕ್ಷೇಮ.

ಖಾತ್ರಿ ಮಾಡಿಕೊಳ್ಳುವುದು ಅಂದುಕೊಂಡಷ್ಟು ಸುಲಭವಲ್ಲ. ಆರೇಳು ವಾರದ ಮರಿಯನ್ನು ಹೆಣ್ಣೆಂದು ಕೊಟ್ಟು, ಐದನೇ ತಿಂಗಳಿಗೆ ‘ಗೌರಿ’ ಗೋಡೆಗೋಡೆಗೆ ಮೂತ್ರ ಸಿಂಪಡಿಸಲು ಶುರುಮಾಡಿದಾಗಲೇ ಗಂಡೆಂದು ಗೊತ್ತಾಗುವ ಮನೆಗಳಿವೆ. ಬಾಲವನ್ನು ಮೆಲ್ಲಗೆ ಮೇಲೆತ್ತಿ ನೋಡಿ. ಗಂಡು ಮರಿಯಲ್ಲಿ ಎರಡು ಚುಕ್ಕೆಗಳು ಬಿಡಿಬಿಡಿಯಾಗಿ, ನಮ್ಮ ವಿಸರ್ಗದ ಹಾಗೆ, ಸುಮಾರು ಒಂದು ಸೆಂಟಿಮೀಟರ್ ಅಂತರದಲ್ಲಿ ಕಾಣುತ್ತವೆ. ಹೆಣ್ಣು ಮರಿಯಲ್ಲಿ ಅಂತರ ತೀರ ಕಡಿಮೆ. ಮೇಲೊಂದು ಚುಕ್ಕೆ, ಅದರ ಕೆಳಗೇ ಒಂದು ಸಣ್ಣ ಸೀಳುಗೆರೆ, ಆಶ್ಚರ್ಯಸೂಚಕ ಚಿಹ್ನೆಯನ್ನು ತಲೆಕೆಳಗು ಮಾಡಿದಂತೆ. ಒಂದೇ ಮರಿಯನ್ನು ನೋಡಿ ಹೇಳುವುದು ಕಷ್ಟ, ಒಡಹುಟ್ಟಿದ ಎರಡು ಮರಿಗಳನ್ನು ಪಕ್ಕಪಕ್ಕ ಹಿಡಿದರೆ ವ್ಯತ್ಯಾಸ ತಾನಾಗಿ ಕಾಣುತ್ತದೆ. ಬಣ್ಣದಿಂದಲೂ ಸುಳಿವು ಸಿಗುತ್ತದೆ. ಕಿತ್ತಳೆ ಬಣ್ಣದ ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನ ಮೇಲೆ, ಹೆಣ್ಣಿಗೆ ಅಂಥವು ಎರಡು, ಗಂಡಿಗೆ ಒಂದೇ. ಆದ್ದರಿಂದ ಕಪ್ಪು, ಕಿತ್ತಳೆ, ಬಿಳಿ ಮೂರೂ ಬಣ್ಣವಿರುವ ಬೆಕ್ಕು ಹೆಚ್ಚುಕಡಿಮೆ ಯಾವಾಗಲೂ ಹೆಣ್ಣು. ಪೂರ್ತಿ ಕಿತ್ತಳೆಯದಾದರೆ ಐದರಲ್ಲಿ ನಾಲ್ಕು ಪಾಲು ಗಂಡು.

ಮರಿ ಮನೆಗೆ ಬಂದ ದಿನವೇ ಹೆಸರಿಡುವ ಆತುರ ಸಹಜ, ಆದರೂ ತಡೆದುಕೊಳ್ಳಿ. ಮರಿಯ ಮೈಬಣ್ಣ ಕಣ್ಣಬಣ್ಣ ಎರಡೂ ಮೋಸ ಮಾಡುತ್ತವೆ. ಹುಟ್ಟುವಾಗ ಎಲ್ಲ ಮರಿಗಳ ಕಣ್ಣೂ ನೀಲಿ. ಆರೇಳು ವಾರ ಕಳೆದ ಮೇಲೆ ನಿಜವಾದ ಬಣ್ಣ ಇಳಿಯಲು ಶುರುವಾಗಿ ಹಸಿರೋ ಹಳದಿಯೋ ಜೇನಿನ ಬಣ್ಣವೋ ಆಗಿ ನಿಲ್ಲುತ್ತದೆ. ಐದು ವಾರದ ಮರಿಗೆ ‘ನೀಲಿ’ ಎಂದಿಟ್ಟವರು ನಾಲ್ಕನೇ ತಿಂಗಳಿಗೆ ಹಳದಿ ಕಣ್ಣಿನ ನೀಲಿಯನ್ನು ಸಾಕುತ್ತಿರುತ್ತಾರೆ. ಸಿಯಾಮೀಸ್ ಜಾತಿಯ ಮರಿ ಹುಟ್ಟುವಾಗ ಹಾಲಿನಷ್ಟು ಬಿಳಿ. ಮೈಯಲ್ಲಿ ತಣ್ಣಗಿರುವ ಕಿವಿ, ಮೂತಿ, ಪಾದ, ಬಾಲಗಳಿಗೆ ಬಣ್ಣ ಆಮೇಲೆ ಏರುತ್ತದೆ. ‘ಹಾಲು’ ಎಂದು ಕರೆದದ್ದು ಕಾಫಿಯಾಗಿ ಬೆಳೆಯುತ್ತದೆ. (ಹೆಸರು ಹಾಲು ಎಂದಿಟ್ಟರೂ ಬಟ್ಟಲಿಗೆ ಹಸುವಿನ ಹಾಲು ಹಾಕಬೇಡಿ, ಬೆಳೆದ ಎಷ್ಟೋ ಬೆಕ್ಕುಗಳಿಗೆ ಅದು ಅರಗದೆ ಭೇದಿಯಾಗುತ್ತದೆ.) ಬಾಲ್ಕನಿಯ ಬಿಸಿಲಿನಲ್ಲಿ ದಿನವಿಡೀ ಮಲಗುವ ಕಪ್ಪು ಬೆಕ್ಕಿನ ಮೈ ಕಂದುಗೆಂಪಿಗೆ ತಿರುಗುವುದೂ ಉಂಟು, ‘ಕಾಡಿಗೆ’ಯ ಬೆನ್ನು ಬೇಸಿಗೆಯಲ್ಲಿ ಸುಟ್ಟ ಬೆಲ್ಲದ ಹಾಗೆ ಹೊಳೆಯುತ್ತದೆ.

ಒಂದು ವಾರ ಸುಮ್ಮನೆ ನೋಡುವುದು ಒಳ್ಳೆಯದು. ಬಣ್ಣ ಬದಲಾದರೂ ನಡತೆ ಅಷ್ಟು ಬೇಗ ಬದಲಾಗುವುದಿಲ್ಲ. ಮಂಚದ ಕೆಳಗೆ, ವಾಷಿಂಗ್ ಮೆಷಿನ್ ಹಿಂದೆ, ಅಟ್ಟದ ಮೇಲೆ ಹುಡುಕಿ ಹುಡುಕಿ ಸೇರಿಕೊಳ್ಳುವ ಬೆಕ್ಕಿಗೆ ‘ಗವಿ’ ಎಂಬ ಹೆಸರು ಗವಿಪುರದವರಿಗಷ್ಟೇ ಅಲ್ಲ, ಎಲ್ಲರಿಗೂ ಒಪ್ಪುತ್ತದೆ. ಮೂಗನ್ನು ಬಾಲದೊಳಗೆ ಹುದುಗಿಸಿ ಸುತ್ತಿಕೊಂಡು ಮಲಗುವುದು ಕೋಡುಬಳೆ. ನಡುರಾತ್ರಿ ನಡುಮನೆಯ ಉದ್ದಕ್ಕೂ ಓಡುವುದಕ್ಕೆ ‘ಬಿರುಸು’. ಅಡುಗೆಕಟ್ಟೆಯ ಮೇಲೆ ಏನಿಟ್ಟರೂ ಮೂಸಿ ನೋಡಿ ಮುಖ ತಿರುಗಿಸಿ ಹೋಗುವ ಬೆಕ್ಕನ್ನು ಕಂಡ ನಮ್ಮ ಅಜ್ಜಿಯಂದಿರು ‘ಬಿಂಕದವಳು’ ಎನ್ನುತ್ತಿದ್ದರು. ‘ಬಿಂಕಿ’ ಎಂದರೆ ಅದರ ಜಾತಕವೇ ಬಂದ ಹಾಗೆ.

ಬೆಂಗಳೂರಿನ ಅಡುಗೆಮನೆಗಿಂತ ದೊಡ್ಡ ಹೆಸರಿನ ಉಗ್ರಾಣ ಇನ್ನೊಂದಿಲ್ಲ. ಕಿತ್ತಳೆ ಬೆಕ್ಕಿಗೆ ಕೇಸರಿ, ಬೆಲ್ಲ. ಕಪ್ಪಿಗೆ ಎಳ್ಳು, ಇದ್ದಿಲು, ನೇರಳೆ. ನಮ್ಮ ಮೆಟ್ರೋದ ನೇರಳೆ ಮಾರ್ಗ ಬಂದ ಮೇಲೆ ಕನ್ನಡ ಬಾರದವರ ಬಾಯಿಗೂ ನೇರಳೆ ಎಂಬ ಪದ ಕೂತಿದೆ. ಬೂದು ಬೆಕ್ಕಿಗೆ ಮೋಡ, ಬೂದಿ. ಕೆಂಪುಕಂದಿಗೆ ರಾಗಿ. ನವೆಂಬರ್ ಡಿಸೆಂಬರಿನಲ್ಲಿ, ಬಸವನಗುಡಿಯ ಕಡಲೆಕಾಯಿ ಪರಿಷೆಯ ಹೊತ್ತಿಗೆ, ಸಿಪ್ಪೆಯ ಬಣ್ಣದ ಮರಿ ಸಿಕ್ಕಿದರೆ ‘ಕಡ್ಲೆ’ ಎನ್ನದೆ ಇನ್ನೇನೆನ್ನುವುದು? ಹಸಿರುಗಣ್ಣಿನ ಬೆಕ್ಕಿಗೆ ‘ಹೆಸರು’ ಎಂದೇ ಇಡಬಹುದು. ಹೆಸರುಕಾಳಿನ ಬಣ್ಣದ ಕಣ್ಣು, ಹೆಸರೇ ಹೆಸರು. ಕೇಳಿದವರಿಗೆ ಒಂದು ಸಲ ವಿವರಿಸಬೇಕಾಗುತ್ತದೆ, ಆಮೇಲೆ ಅವರು ಯಾವತ್ತೂ ಮರೆಯುವುದಿಲ್ಲ. ಊರಿನ ಜಾಗಗಳೂ ಇವೆ. ಸದಾಶಿವನಗರದ ಕೆರೆಯ ಬದಿ ಸಿಕ್ಕ ಮರಿ ‘ಸ್ಯಾಂಕಿ’ ಆಗಬಹುದು. ಆ ಕೆರೆ 1882ರಲ್ಲಿ ಕಟ್ಟಿಸಿದ ರಿಚರ್ಡ್ ಸ್ಯಾಂಕಿಯ ಹೆಸರಿನದು, ಎರಡೇ ಅಕ್ಷರ, ಕೊನೆಗೆ ಎಳೆಯಲು ‘ಈ’. ಮಲ್ಲೇಶ್ವರದ್ದು ‘ಮಲ್ಲಿ’ಯಾಗಲಿ. ಹೂವಿನ ಹೆಸರುಗಳು ಚೆಂದವೇ. ಆದರೆ ಬೆಕ್ಕಿರುವ ಮನೆಯ ಹೂದಾನಿಯಲ್ಲಿ ಲಿಲ್ಲಿ ಹೂವು ಮಾತ್ರ ಇರಕೂಡದು, ಅದರ ಪರಾಗ ಮೈಗೆ ಮೆತ್ತಿ, ನೆಕ್ಕಿ ಹೊಟ್ಟೆಗೆ ಹೋದರೂ ಬೆಕ್ಕಿನ ಮೂತ್ರಪಿಂಡ ಕೆಡುತ್ತದೆ.

ಉಗ್ರಾಣದಿಂದ ತೆಗೆದ ಹೆಸರನ್ನೆಲ್ಲ ಹಾಗೇ ಇಡಲಾಗುವುದಿಲ್ಲ. ಅರ್ಧ ಕಿತ್ತಳೆ ಅರ್ಧ ಬಿಳಿಯ ಬೆಕ್ಕಿಗೆ ‘ಚೌಚೌ’ ಎಷ್ಟು ಹೊಂದುತ್ತದೆ ಎಂದರೆ ಒಂದೇ ತಟ್ಟೆಯಲ್ಲಿ ಕೇಸರಿಬಾತು, ಖಾರಾಬಾತು ಎರಡನ್ನೂ ತಿನ್ನುವ ಈ ಊರಿಗೆ ಅದನ್ನು ಬಿಟ್ಟು ಬೇರೆ ಹೆಸರೇ ಹೊಳೆಯದು. ಆದರೆ ಚೌಚೌ ನಾಯಿಯ ಒಂದು ತಳಿಯ ಹೆಸರೂ ಹೌದು, ಕ್ಲಿನಿಕ್ಕಿನ ಕಡತದಲ್ಲಿ ಗೊಂದಲವಾಗುತ್ತದೆ. ‘ಅವರೆ’ ಎಂದಿಟ್ಟು ನೋಡಿ. ಕೂಗುವಾಗ ಅದು ‘ಅವರೇ’ ಆಗಿ, ಹಿಂದಿನ ಕಾಲದ ಹೆಂಡತಿ ಗಂಡನನ್ನು ಕರೆದಂತೆ ಕೇಳಿಸುತ್ತದೆ. ‘ಗುಂಡಿ’ ಎಂದರೆ ದುಂಡಗಿನ ಹೆಣ್ಣು ಬೆಕ್ಕು ಎಂಬುದು ಮನೆಯವರಿಗೆ ಮಾತ್ರ ಗೊತ್ತು, ಬೆಂಗಳೂರಿನ ಉಳಿದವರಿಗೆ ನೆನಪಾಗುವುದು ರಸ್ತೆ. ಮನೆಯಲ್ಲಿ ‘ಅಮ್ಮಾ’ ಎಂದು ದಿನಕ್ಕೆ ನಲವತ್ತು ಸಲ ಕೂಗುವ ಮಕ್ಕಳಿದ್ದರೆ ಬೆಕ್ಕಿಗೆ ‘ಅಮ್ಮು’ ಬೇಡ. ‘ಬಾ’, ‘ಬೇಡ’, ‘ಸಾಕು’ಗಳ ಹತ್ತಿರ ಬರುವ ಹೆಸರೂ ಬೇಡ. ತನ್ನನ್ನು ಕರೆದರೋ ಬಿಟ್ಟರೋ ತಿಳಿಯದೆ ಬೆಕ್ಕು ಕೊನೆಗೆ ಎಲ್ಲ ಸದ್ದಿಗೂ ಕಿವುಡಾಗುತ್ತದೆ.

ಈ ಊರಿನಲ್ಲಿ ಇನ್ನೊಂದು ಪರೀಕ್ಷೆಯೂ ಇದೆ. ಬೆಕ್ಕನ್ನು ಕರೆಯುವವರು ಮನೆಯವರಷ್ಟೇ ಅಲ್ಲ. ಕೆಲಸಕ್ಕೆ ಬರುವ ಅಕ್ಕ ತೆಲುಗಿನವರು, ಎದುರು ಮನೆಯವರು ತಮಿಳರು, ವಾಚ್‌ಮನ್ ಹಿಂದಿಯವರು, ಮೇಲಿನ ಮಹಡಿಯವರು ಮಂಗಳೂರಿನವರು. ನಮ್ಮ ಬೆಕ್ಕು, ಹಳೇ ಮೈಸೂರು ಕಡೆಯ ಹಳ್ಳಿಗಳ ಕೊತ್ತಿ, ತೆಲುಗಿನಲ್ಲಿ ‘ಪಿಲ್ಲಿ’, ಹಿಂದಿ ಉರ್ದುವಿನಲ್ಲಿ ‘ಬಿಲ್ಲಿ’, ತುಳುವಿನಲ್ಲಿ ‘ಪುಚ್ಚೆ’. ತುಳುವಿನ ‘ಪಿಲಿ’ ಎಂದರೆ ಹುಲಿ. ತೆಲುಗಿನ ಬೆಕ್ಕು ತುಳುವಿನಲ್ಲಿ ಹೆಚ್ಚುಕಡಿಮೆ ಹುಲಿಯಾಯಿತು, ಪಟ್ಟೆ ಬೆಕ್ಕಿಗೆ ಇದು ಒಳ್ಳೆಯ ಹೆಸರೇ! ಆದರೆ ‘ತುಪ್ಪ’ವನ್ನು ಮುದ್ದಿಗೆ ‘ತುಪ್ಪು’ ಮಾಡಿದರೆ ತೆಲುಗರಿಗೆ ತುಕ್ಕು, ತಮಿಳರಿಗೆ ‘ಉಗುಳು’. ‘ಹುಲಿ’ ಎಂದು ಪ್ರೀತಿಯಿಂದ ಇಟ್ಟರೆ ‘ಳ’ಕಾರ ‘ಲ’ಕಾರ ಬೇರೆ ಮಾಡದ ಬಾಯಲ್ಲಿ ಅದು ಹುಲಿಯೋ ಹುಳಿಯೋ ಹೇಳಲಾಗುವುದಿಲ್ಲ. ಮಹಾಪ್ರಾಣಗಳೂ ಹಾಗೆಯೇ, ‘ಭೈರ’ ಎಂದು ಬರೆದರೂ ಕೂಗುವವರೆಲ್ಲ ‘ಬೈರ’ ಎಂದೇ ಕೂಗುವುದು. ಈ ಎಲ್ಲ ಜರಡಿಯಲ್ಲೂ ನಿಲ್ಲುವ ಹೆಸರುಗಳಲ್ಲಿ ‘ಬೆಲ್ಲ’ ಮೊದಲನೆಯದು. ತೆಲುಗಿನವರಿಗೆ ಬೆಲ್ಲಂ, ತಮಿಳರಿಗೆ ವೆಲ್ಲಂ. ಇಂಗ್ಲಿಷಿನಲ್ಲಿ ಬರೆದರೆ ಜಗತ್ತೆಲ್ಲ ಇಡುವ ‘ಬೆಲ್ಲಾ’. ಆ ಹೆಸರಿನ ಮೂಲ ಇಟಾಲಿಯನ್ನಿನ ‘ಚೆಲುವೆ’. ಕ್ಲಿನಿಕ್ಕಿನಲ್ಲಿ ಇಬ್ಬರು ಏಳುವ ಅಪಾಯ ಇದಕ್ಕೂ ಇದೆ, ಅದನ್ನು ಒಪ್ಪಿಕೊಳ್ಳಲೇಬೇಕು.

ದೇವರ ಹೆಸರಿಡುವ ವಿಷಯದಲ್ಲಿ ಮನೆಯ ಹಿರಿಯರನ್ನು ಕೇಳಿಯೇ ಮುಂದುವರಿಯಿರಿ. ಹಸುವಿಗೆ ಗೌರಿ ಎಂದಿಡುವುದು, ಎತ್ತಿಗೆ ಬಸವ ಎನ್ನುವುದು ನಮ್ಮಲ್ಲಿ ಗೌರವವೇ. ಬೆಕ್ಕಿನ ವಿಷಯ ಬಂದಾಗ ಅಜ್ಜಿಗೆ ಅಳುಕಾಗುವುದು ಬೈಗುಳದಿಂದ. ಮೀನು ಕದ್ದಾಗ ದೇವರ ಹೆಸರು ಹಿಡಿದು ಬೈಯಬೇಕಲ್ಲ ಎಂದು. ಹಾಗಿರುವಾಗ ಮುದ್ದುರೂಪ ಕೈಹಿಡಿಯುತ್ತದೆ, ಲಕ್ಷ್ಮಿ ಎನ್ನದೆ ಲಚ್ಚಿ ಎಂದರೆ ಅಜ್ಜಿಗೂ ಒಪ್ಪಿಗೆ. ಮಂಡ್ಯ ಜಿಲ್ಲೆಯ ಬೆಕ್ಕಳಲೆಯಲ್ಲಿ ಬೆಕ್ಕನ್ನು ಮಂಗಮ್ಮ ದೇವಿಯ ರೂಪವೆಂದೇ ಪೂಜಿಸುತ್ತಾರೆ. ಆ ಕಡೆಯ ಮನೆಯವರು ‘ಮಂಗಮ್ಮ’ ಎಂದಿಟ್ಟರೆ ಅದು ಪೂರ್ತಿ ಭಕ್ತಿಯ ಹೆಸರು. ಕಪ್ಪು ಬೆಕ್ಕು ಅಡ್ಡ ಬಂದರೆ ಅಪಶಕುನ ಎನ್ನುವವರು ಅಪಾರ್ಟ್‌ಮೆಂಟಿನಲ್ಲಿ ಇದ್ದೇ ಇರುತ್ತಾರೆ. ಅಂಥ ಕಡೆ ಕಪ್ಪು ಬೆಕ್ಕಿಗೆ ‘ಯಮ’, ‘ಶನಿ’ ಎಂಬ ಹೆಸರು ಬೇಡ. ಮೆಟ್ಟಿಲ ಮೇಲೆ ಎದುರಾದವರು ‘ಏನೋ ಕಿಟ್ಟಿ’ ಎಂದು ಮಾತಾಡಿಸುವಂತಿದ್ದರೆ ಅದಕ್ಕೆ ಕಲ್ಲು ಬೀಳುವುದು ಕಡಿಮೆಯಾಗುತ್ತದೆ. ಹೆಸರಿನಿಂದ ಬೆಕ್ಕಿಗೆ ಆಗುವ ಅತಿ ದೊಡ್ಡ ಉಪಕಾರ ಇದೇ ಎಂದು ನನ್ನ ಎಣಿಕೆ.

ಇನ್ನು ಬೀದಿಯ ಪರೀಕ್ಷೆ. ಮುಚ್ಚಿದ ಫ್ಲ್ಯಾಟಿನ ಬೆಕ್ಕೂ ಒಂದಲ್ಲ ಒಂದು ದಿನ ತೆರೆದ ಬಾಗಿಲಿನಿಂದ ಜಾರುತ್ತದೆ. ದೀಪಾವಳಿಯ ಪಟಾಕಿ ಸದ್ದಿಗೆ ಬೆದರಿ ಓಡುವುದು ಪ್ರತಿವರ್ಷದ ಗೋಳು. ಹೆದರಿ ಓಡಿದ ಒಳಮನೆ ಬೆಕ್ಕು ಸಾಮಾನ್ಯವಾಗಿ ದೂರ ಹೋಗುವುದಿಲ್ಲ. ಕಾರಿನ ಕೆಳಗೆ, ಜನರೇಟರ್ ಹಿಂದೆ, ಸಂಪಿನ ಮುಚ್ಚಳದ ಪಕ್ಕ ಉಸಿರು ಬಿಗಿಹಿಡಿದು ಕೂತಿರುತ್ತದೆ. ವಾಹನಗಳ ಸದ್ದು ಅಡಗುವುದು ರಾತ್ರಿ ಹನ್ನೊಂದರ ಮೇಲೆ, ಹುಡುಕಬೇಕಾದದ್ದೂ ಆಗಲೇ. ಆ ಹೊತ್ತಿನಲ್ಲಿ ಬೀದಿಯಲ್ಲಿ ನಿಂತು ಹೆಸರು ಹಿಡಿದು ಕೂಗಬೇಕು. ಹಾಲು ಕದಿಯುತ್ತದೆಂದು ಮುದ್ದಿಗೆ ‘ಕಳ್ಳ’ ಎಂದು ಹೆಸರಿಟ್ಟಿದ್ದರೆ ಏನಾಗುತ್ತದೆ ಯೋಚಿಸಿ. ನಡುರಾತ್ರಿ ‘ಕಳ್ಳಾ, ಕಳ್ಳಾ’ ಎಂದರೆ ಮನೆಮನೆಯ ದೀಪ ಹತ್ತುತ್ತದೆ, ಕೋಲು ಹಿಡಿದು ಜನ ಇಳಿಯುತ್ತಾರೆ, ಬೆಕ್ಕು ಇನ್ನಷ್ಟು ಒಳಗೆ ಸರಿಯುತ್ತದೆ. ‘ಬೆಂಕಿ’ಯೂ ಹಾಗೆಯೇ. ಪಕ್ಕದ ಮನೆಯ ಹೆಣ್ಣುಮಗಳ ಹೆಸರೂ ಬೇಡ. ಆಯ್ದ ಮೂರು ಹೆಸರುಗಳನ್ನು ಸಂಜೆ ಟೆರೇಸಿಗೆ ಹೋಗಿ ಒಂದೊಂದು ಸಲ ಗಟ್ಟಿಯಾಗಿ ಕೂಗಿ ನೋಡಿ. ಆಮೇಲೆ ಮಿಕ್ಸಿ ತಿರುಗುವಾಗ ಪಕ್ಕದ ಕೋಣೆಯಿಂದ, ಆಮೇಲೆ ಮಲಗಿದವರು ಏಳದಷ್ಟು ಮೆಲ್ಲಗೆ. ಈ ಮೂರಕ್ಕೂ ಬಾಯಿ ಬಗ್ಗಿದ ಹೆಸರನ್ನು ಇಟ್ಟುಕೊಳ್ಳಿ.

ಗಡುವು ಹಾಕುವುದು ಲಸಿಕೆಯ ಕಾರ್ಡು. ಮೊದಲ ಲಸಿಕೆ ಆರರಿಂದ ಎಂಟು ವಾರದೊಳಗೆ ಬೀಳುತ್ತದೆ, ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರ ತುಂಬುವವರೆಗೆ. ರೇಬೀಸ್ ಲಸಿಕೆ ಮೂರು ತಿಂಗಳಿಗೆ. ಕಾರ್ಡಿನ ಮೇಲೆ ಇಂಗ್ಲಿಷಿನಲ್ಲಿ ಬರೆದ ಹೆಸರಿನ ಕಾಗುಣಿತ ಆಮೇಲೆ ಎಲ್ಲ ಕಡೆಯೂ ಅದೇ ಇರಬೇಕಾದ್ದರಿಂದ ಅಕ್ಷರಗಳನ್ನು ಮೊದಲೇ ನಿರ್ಧರಿಸಿ ಹೋಗಿ. ಕೌಂಟರಿನಲ್ಲಿ ನಿಂತು ‘ಳ’ವನ್ನು ಹೇಗೆ ಬರೆಯುವುದೆಂದು ಚರ್ಚಿಸಲು ಹಿಂದಿನ ಸಾಲು ಬಿಡುವುದಿಲ್ಲ. ಮೈಕ್ರೋಚಿಪ್ ಹಾಕಿಸುವವರು ಒಂದು ತಿಳಿದಿರಲಿ. ಚಿಪ್ಪಿನೊಳಗೆ ಹೆಸರಿರುವುದಿಲ್ಲ, 15 ಅಂಕಿಯ ಸಂಖ್ಯೆ ಮಾತ್ರ ಇರುತ್ತದೆ. ಹೆಸರು, ಫೋನ್ ನಂಬರು ಇರುವುದು ನೋಂದಣಿಯ ಕಡತದಲ್ಲಿ. ಕೊರಳಪಟ್ಟಿಯ ಬಿಲ್ಲೆ ಎರಡೂವರೆ ಸೆಂಟಿಮೀಟರ್ ಅಗಲದ್ದು. ಹತ್ತು ಅಂಕಿಯ ಫೋನ್ ನಂಬರು ಕೂತ ಮೇಲೆ ಹೆಸರಿಗೆ ನಾಲ್ಕೈದು ಇಂಗ್ಲಿಷ್ ಅಕ್ಷರದ ಜಾಗ ಉಳಿಯುತ್ತದೆ. ‘ಕೋಡುಬಳೆ’ ಎಂದಿಟ್ಟವರು ‘ಬಳೆ’ ಎಂದು ಕೆತ್ತಿಸಬೇಕಾಗುತ್ತದೆ. ಪಟ್ಟಿ ಎಳೆದರೆ ತಾನಾಗಿ ಬಿಚ್ಚಿಕೊಳ್ಳುವಂಥದ್ದೇ ಆಗಿರಲಿ, ಇಲ್ಲದಿದ್ದರೆ ಕಿಟಕಿಯ ಕಂಬಿಗೆ ಸಿಕ್ಕಿ ಕೊರಳು ಬಿಗಿಯುತ್ತದೆ.

ಹೆಸರಿಟ್ಟದ್ದಾಯಿತು, ಅದನ್ನು ಬೆಕ್ಕಿಗೆ ತಿಳಿಸುವುದು ಹೇಗೆ? ಬೇಯಿಸಿದ ಕೋಳಿಮಾಂಸವನ್ನು ತೊಗರಿಕಾಳಿನ ಗಾತ್ರಕ್ಕೆ ಹರಿದುಕೊಳ್ಳಿ. ಉಪ್ಪು ಬೇಡ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿಗೆ ವಿಷ, ಅವುಗಳ ಜೊತೆ ಬೇಯಿಸಿದ್ದು ಖಂಡಿತ ಬೇಡ. ಊಟಕ್ಕೆ ಮೊದಲು, ಹಸಿದಿರುವಾಗ, ಒಂದು ಮೀಟರ್ ದೂರದಲ್ಲಿ ಕೂತು ಹೆಸರನ್ನು ಒಂದೇ ಸಲ ಕರೆಯಿರಿ. ಬೆಕ್ಕು ತಲೆ ತಿರುಗಿಸಬೇಕಾಗಿಲ್ಲ, ಒಂದು ಕಿವಿ ನಿಮ್ಮ ಕಡೆ ಹೊರಳಿದರೂ ಅದು ಉತ್ತರವೇ. ಹೊರಳಿದ ಒಂದೆರಡು ಸೆಕೆಂಡಿನೊಳಗೆ ಚೂರು ಬಾಯಿಗೆ ಸಿಗಬೇಕು. ತಡವಾದರೆ ಯಾತಕ್ಕೆ ಸಿಕ್ಕಿತೆಂಬುದು ಅದಕ್ಕೆ ತಿಳಿಯುವುದಿಲ್ಲ. ಐದಾರು ಸಲ ಆದ ಮೇಲೆ ನಿಲ್ಲಿಸಿ. ದಿನಕ್ಕೆ ಎರಡು ಹೊತ್ತು ಹೀಗೆ ಮಾಡಿ, ಮೂರು ನಾಲ್ಕು ದಿನದ ಮೇಲೆ ದೂರ ಹೆಚ್ಚಿಸಿ, ಆಮೇಲೆ ಬೇರೆ ಕೋಣೆಯಿಂದ ಕರೆಯಿರಿ. ಹೆಚ್ಚಿನ ಬೆಕ್ಕುಗಳು ಎರಡು ವಾರದೊಳಗೆ ದಾರಿಗೆ ಬರುತ್ತವೆ.

ಕೆಡುವುದು ಎಲ್ಲಿ ಎಂದರೆ, ಉತ್ತರ ಬಾರದಿದ್ದಾಗ ಹತ್ತು ಸಲ ಕರೆಯುವುದರಲ್ಲಿ. ಹಿಂದೆ ಏನೂ ಬಾರದ ಸದ್ದನ್ನು ಬೆಕ್ಕಿನ ಕಿವಿ ಬೇಗ ಕೈಬಿಡುತ್ತದೆ, ಫ್ಯಾನಿನ ಸದ್ದನ್ನು ನಾವು ಕೈಬಿಟ್ಟ ಹಾಗೆ. ಅದಕ್ಕಿಂತ ಕೆಟ್ಟದ್ದು ಮಾತ್ರೆ ನುಂಗಿಸಲು, ಉಗುರು ಕತ್ತರಿಸಲು, ಬುಟ್ಟಿಗೆ ತುಂಬಲು ಹೆಸರು ಹಿಡಿದು ಕರೆಯುವುದು. ಆ ಕೆಲಸಗಳಿಗೆ ಬಾಯಿ ಮುಚ್ಚಿಕೊಂಡು ನೀವೇ ಅದರ ಹತ್ತಿರ ಹೋಗಿ. ಬೈಯುವಾಗಲೂ ಹೆಸರು ಬೇಡ, ‘ಶ್’ ಎಂದರೆ ಸಾಕು. ಮನೆಯಲ್ಲಿ ನಾಲ್ಕು ಜನ ನಾಲ್ಕು ಮುದ್ದುಹೆಸರು ಕರೆಯುವುದು ತಪ್ಪಿಸಲಾಗದ ಸಂಗತಿ, ತಪ್ಪೂ ಅಲ್ಲ. ತಟ್ಟೆ ಇಡುವ ಹೊತ್ತಿಗೆ ಮಾತ್ರ ಎಲ್ಲರೂ ಒಂದೇ ಹೆಸರನ್ನು, ಅದೇ ಎಳೆತದಲ್ಲಿ ಕೂಗಲಿ.

ಬೆಕ್ಕಿಗೆ ನಿಜಕ್ಕೂ ಹೆಸರು ತಿಳಿದಿದೆಯೋ, ದನಿ ಮಾತ್ರ ಗುರುತೋ ಎಂಬ ಅನುಮಾನ ಎಲ್ಲರಿಗೂ ಬರುತ್ತದೆ. ಜಪಾನಿನ ಅತ್ಸುಕೋ ಸೈತೋ ಮತ್ತು ಸಂಗಡಿಗರು 2019ರಲ್ಲಿ 78 ಬೆಕ್ಕುಗಳ ಮೇಲೆ ಇದನ್ನು ಪರೀಕ್ಷಿಸಿ ಪ್ರಕಟಿಸಿದರು. ಹೆಸರಿನಷ್ಟೇ ಉದ್ದದ, ಅದೇ ಏರಿಳಿತದ ನಾಲ್ಕು ಪದಗಳನ್ನು ಒಂದಾದ ಮೇಲೊಂದು ಕೇಳಿಸಿ, ಬೆಕ್ಕಿನ ಆಸಕ್ತಿ ಇಳಿದ ಮೇಲೆ ಐದನೆಯದಾಗಿ ಹೆಸರು ಕೇಳಿಸುವುದು ಅವರ ದಾರಿ. ಹೆಸರು ಬಂದಾಗ ಕಿವಿ ತಲೆ ಮತ್ತೆ ಚುರುಕಾದವು, ಅಪರಿಚಿತರ ದನಿಯಲ್ಲಿ ಕೇಳಿಸಿದಾಗಲೂ. ಇದನ್ನು ಮನೆಯಲ್ಲೇ ಮಾಡಿ ನೋಡಬಹುದು. ಬೆಕ್ಕು ಕೂತು ಕಣ್ಣು ಅರೆಮುಚ್ಚಿದಾಗ ಅದರ ಹಿಂದಿನಿಂದ, ಹದಿನೈದು ಸೆಕೆಂಡ್ ಬಿಟ್ಟು ಬಿಟ್ಟು, ಒಂದೇ ದನಿಯಲ್ಲಿ ಹೇಳಿ: ಹಳ್ಳ, ದಿಬ್ಬ, ಹುಬ್ಬು, ಕಟ್ಟೆ. ಮೊದಲ ಪದಕ್ಕೆ ಕಿವಿ ಹೊರಳುತ್ತದೆ, ಎರಡನೆಯದಕ್ಕೆ ತುದಿ ಮಾತ್ರ ಅಲುಗುತ್ತದೆ, ನಾಲ್ಕನೆಯದಕ್ಕೆ ಏನೂ ಇಲ್ಲ. ಆಗ ಅದೇ ದನಿಯಲ್ಲಿ, ಎಳೆಯದೆ, ‘ಬೆಲ್ಲ’ ಎನ್ನಿ. ಕಿವಿಯ ಬುಡ ಸರಕ್ಕನೆ ಹಿಂದಕ್ಕೆ ತಿರುಗಿದರೆ ಹೆಸರು ನಾಟಿದೆ ಎಂದು ಅರ್ಥ. ಎದ್ದು ಬರಲಿಲ್ಲವೆಂದು ಬೇಸರ ಬೇಡ, ಕೇಳಿಸಿಕೊಳ್ಳುವುದು ಬೇರೆ, ಬರುವುದು ಬೇರೆ.

ಅದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿಯೂ ಕಂಡಿತು. ಹಲವು ಬೆಕ್ಕುಗಳಿರುವ ಕೆಫೆಯ ಬೆಕ್ಕುಗಳು ತಮ್ಮ ಹೆಸರನ್ನು ಜೊತೆಯ ಬೆಕ್ಕುಗಳ ಹೆಸರಿನಿಂದ ಬೇರ್ಪಡಿಸಲಿಲ್ಲ. ಯಾರನ್ನು ಕರೆದರೂ ಎಲ್ಲರಿಗೂ ಏನಾದರೂ ಸಿಗುವ ಕಡೆ ಹೆಸರಿಗೆ ಬೆಲೆ ಇರುವುದಿಲ್ಲವಲ್ಲ. ಎರಡು ಬೆಕ್ಕು ಸಾಕುವವರು ಒಂದರ ಹೆಸರು ಕರೆದು ಅದರ ತಟ್ಟೆಯನ್ನು ಮಾತ್ರ ಇಡಬೇಕು, ಆಮೇಲೆ ಇನ್ನೊಂದರದು. ಹೆಸರುಗಳ ಮೊದಲ ಅಕ್ಷರವೂ ಕೊನೆಯ ಸ್ವರವೂ ಬೇರೆಬೇರೆ ಇರಲಿ. ‘ಬೆಲ್ಲ’, ‘ಬೆಳ್ಳಿ’ ಜೋಡಿ ಕೇಳಲು ಚೆಂದ, ಕರೆಯಲು ಕಷ್ಟ. ‘ಬೆಲ್ಲ’, ‘ಶುಂಠಿ’ ಎಂದರೆ ತೊಂದರೆಯಿಲ್ಲ.

ಬೇರೆ ಮನೆಯಿಂದ ಬಂದ ದೊಡ್ಡ ಬೆಕ್ಕಿನ ಹೆಸರು ಬದಲಿಸಬಹುದೇ ಎಂದು ಕೇಳುವವರಿಗೆ, ಬದಲಿಸಬಹುದು. ಎರಡು ವಾರ ಹಳೆಯದು ಹೊಸದು ಸೇರಿಸಿ ಕರೆಯಿರಿ, ‘ಲಿಯೋ ಚಕ್ಕು’ ಎಂದು, ಚೂರು ಕೊಡುತ್ತಾ. ಆಮೇಲೆ ಮೊದಲ ಅರ್ಧವನ್ನು ಮೆಲ್ಲಗೆ ಮಾಡುತ್ತಾ ಬಿಟ್ಟುಬಿಡಿ. ಹಿಂದಿನ ಮನೆಯಲ್ಲಿ ಏಟು ತಿಂದು ಬಂದ, ಹಳೆಯ ಹೆಸರು ಕೇಳಿದರೆ ಮೈ ಕುಗ್ಗಿಸುವ ಬೆಕ್ಕಿಗೆ ಮಾತ್ರ ಆ ಹೆಸರನ್ನು ಒಂದು ಸಲವೂ ಕೂಗಬೇಡಿ, ಹೊಸದರಿಂದಲೇ ಶುರುಮಾಡಿ.

ಎಲ್ಲ ಸರಿಯಾಗಿ ಮಾಡಿದರೂ ಒಂದು ಮರಿ ಯಾವ ಹೆಸರಿಗೂ ಕಿವಿ ಹೊರಳಿಸದಿದ್ದರೆ, ಅದು ಅಚ್ಚ ಬಿಳಿಯದಾಗಿದ್ದರೆ, ನಿದ್ದೆಯಲ್ಲಿರುವಾಗ ಅದಕ್ಕೆ ಕಾಣದಂತೆ ದೂರದಲ್ಲಿ ನಿಂತು ಒಂದು ತಟ್ಟೆ ಬಡಿಯಿರಿ. ಎರಡೂ ಕಣ್ಣು ನೀಲಿಯಾಗಿರುವ ಬಿಳಿ ಬೆಕ್ಕುಗಳಲ್ಲಿ ನೂರಕ್ಕೆ 65ರಿಂದ 85 ಹುಟ್ಟುಕಿವುಡು. ಒಂದು ಕಣ್ಣು ಮಾತ್ರ ನೀಲಿಯಾಗಿದ್ದರೆ ನೂರಕ್ಕೆ ಸುಮಾರು 40. ಅಂಥ ಮರಿಗೂ ಹೆಸರು ಬೇಕು, ಅದನ್ನು ಕೈಯಿಂದ ಮಾಡಬೇಕು. ಅಂಗೈಯನ್ನು ಎದೆಯ ಮಟ್ಟದಲ್ಲಿ ಎರಡು ಸಲ ಮುಚ್ಚಿ ತೆರೆಯುವುದು, ಇಲ್ಲವೇ ಎರಡು ಬೆರಳನ್ನು ಮೂಗಿನ ಹತ್ತಿರ ತಂದು ಮುಂದೆ ಚಾಚುವುದು, ಯಾವುದಾದರೂ ಒಂದು. ಕತ್ತಲಲ್ಲಿ ಕೋಣೆಯ ದೀಪವನ್ನು ಎರಡು ಸಲ ಆರಿಸಿ ಹಚ್ಚಿದರೆ ಅದು ದೂರದ ಕರೆ. ಹಿಂದಿನಿಂದ ಹೋಗಿ ಮುಟ್ಟಬೇಡಿ, ಬೆದರುತ್ತದೆ. ನೆಲವನ್ನು ಕಾಲಿನಿಂದ ಒಮ್ಮೆ ತಟ್ಟಿದರೆ ಅದುರು ಪಾದಕ್ಕೆ ತಲುಪಿ ತಾನೇ ತಿರುಗುತ್ತದೆ. ತಿರುಗಿದ ಕೂಡಲೇ ಕೈಹೆಸರು ತೋರಿಸಿ, ಒಂದು ಚೂರು ಕೊಡಿ. ಮನೆಯವರೆಲ್ಲ ಅದೇ ಸನ್ನೆ ಕಲಿಯಲಿ, ಕೆಲಸಕ್ಕೆ ಬರುವ ಅಕ್ಕನಿಗೂ ತೋರಿಸಿಕೊಡಿ. ಕಾರ್ಡಿನಲ್ಲಿ ಬರೆಸಲು ‘ಹಾಲು’ ಎಂದೋ ‘ಮಲ್ಲಿ’ ಎಂದೋ ಒಂದು ಹೆಸರಿರಲಿ. ಸನ್ನೆ ಮಾಡುವಾಗ ಅದನ್ನೂ ಬಾಯಿಬಿಟ್ಟು, ಕೊನೆಯ ಸ್ವರ ಎಳೆದೇ ಹೇಳಿ. ಎಳೆಯುವಾಗ ಹುಬ್ಬು ಏರುತ್ತದೆ, ಮುಖ ಅರಳುತ್ತದೆ, ಕಿವುಡು ಬೆಕ್ಕು ಕಣ್ಣಿಟ್ಟು ನೋಡುವುದು ಅದನ್ನೇ.